ಕಣವೂ ರಾಶಿಯೂ: ಅಡಿಗೆಯ ಉಪ್ಪಿನಲ್ಲಿ ಅಡಗಿದ ಪರಮಾಣುಗಳ ಲೆಕ್ಕ

ರಸಾಯನಶಾಸ್ತ್ರದ ಪಾಠಪುಸ್ತಕಗಳಲ್ಲಿ ಮೂಲಧಾತುಗಳ ಆವರ್ತಕ ಕೋಷ್ಟಕವೊಂದು ಇರುವದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಪಗಡೆಯ ಹಾಸಿನಂತೆ ಚೌಕಚೌಕವಾದ ಮನೆಗಳು. ಒಂದೊಂದು ಮನೆಯಲ್ಲಿ ಒಂದೊಂದು ಧಾತುವಿನ ಸಂಕೇತ. ಅದರ ಸುತ್ತ ಸಣ್ಣ ಅಕ್ಷರದ ಅಂಕಿಗಳು. ಆ ಕೋಷ್ಟಕದ ಹದಿನೇಳನೆಯ ಮನೆಯಲ್ಲಿ ಕ್ಲೋರಿನ್ ಎಂಬ ಧಾತುವು ವಾಸಿಸುತ್ತದೆ. ನಾವು ದಿನಾಲು ಊಟಕ್ಕೆ ಕುಳಿತಾಗ ಎಲೆಯ ತುದಿಗೆ ಬಡಿಸಿಕೊಳ್ಳುವ ಉಪ್ಪು ಈ ಕ್ಲೋರಿನ್ನೂ ಸೋಡಿಯಂ ಎಂಬ ಇನ್ನೊಂದು ಧಾತುವೂ ಕೂಡಿ ಆದ ವಸ್ತುವಾಗಿದೆ. ಕ್ಲೋರಿನ್ನಿನ ಮನೆಯಲ್ಲಿ ಎರಡು ಅಂಕಿಗಳು ಬರೆದಿರುತ್ತವೆ. ಒಂದು ೧೭, ಇನ್ನೊಂದು ೩೫.೪೫. ಮೊದಲಿನದು ಪೂರ್ಣಾಂಕ, ಎರಡನೆಯದಾದರೋ ದಶಾಂಶದ ಬಾಲವುಳ್ಳದ್ದು.

ಶಾಲೆಗೆ ಹೋಗುವ ಹುಡುಗನೊಬ್ಬನು ಈ ಎರಡು ಅಂಕಿಗಳನ್ನು ನೋಡಿ ಒಂದು ಲೆಕ್ಕ ಮಾಡುತ್ತಾನೆನ್ನೋಣ. ರಾಶಿಸಂಖ್ಯೆಯಲ್ಲಿ ಪ್ರೋಟಾನುಗಳ ಸಂಖ್ಯೆಯನ್ನು ಕಳೆದರೆ ನ್ಯೂಟ್ರಾನುಗಳ ಸಂಖ್ಯೆ ಸಿಕ್ಕುವದೆಂದು ಗುರುಗಳು ಹೇಳಿರುತ್ತಾರೆ. ಅವನು ೩೫.೪೫ರಲ್ಲಿ ೧೭ನ್ನು ಕಳೆಯುತ್ತಾನೆ, ೧೮.೪೫ ಉಳಿಯುತ್ತದೆ. ಆದರೆ ನ್ಯೂಟ್ರಾನು ಹೋಳಿಗೆಯಂತೆ ಮುರಿದು ಹಂಚಿಕೊಳ್ಳುವ ವಸ್ತುವಲ್ಲ. ಹಾಗಾದರೆ ಒಂದರ ಅರ್ಧದಷ್ಟು ಚೂರು ಪರಮಾಣುವಿನ ಒಳಗೆ ಬಂದುದಾದರೂ ಹೇಗೆ? ಈ ಪ್ರಶ್ನೆಗೆ ಉತ್ತರ ದೊರೆಯದಿದ್ದಾಗ ಹುಡುಗನು ಅಂಕಿಗಳನ್ನು ಬಾಯಿಪಾಠ ಮಾಡಿ ಪರೀಕ್ಷೆಯನ್ನು ದಾಟುತ್ತಾನೆ. ಆದರೆ ಆ ದಿನದಿಂದ ಶಾಸ್ತ್ರವು ಅವನಿಗೆ ನಂಬತಕ್ಕ ಮಾತಾಗುವದೇ ಹೊರತು ತಿಳಿಯತಕ್ಕ ಮಾತಾಗಿ ಉಳಿಯುವದಿಲ್ಲ. ಇದು ಸಣ್ಣ ಹಾನಿಯಲ್ಲ. ಹುಡುಗನ ಪ್ರಶ್ನೆಯೂ ದಡ್ಡತನದ್ದಲ್ಲ. ಇದೇ ಪ್ರಶ್ನೆಯು ಯುರೋಪದ ದೊಡ್ಡ ದೊಡ್ಡ ಪಂಡಿತರನ್ನು ನೂರು ವರ್ಷಗಳ ವರೆಗೆ ಕಾಡಿತು.

ತೊಡಕನ್ನು ಬಿಡಿಸುವ ಕೀಲಿಕೈ ನಮ್ಮ ಒಕ್ಕಲುತನದ ಮಾತಿನಲ್ಲಿಯೇ ಇದೆ. ಧಾರವಾಡ ಜಿಲ್ಲೆಯ ನವಲಗುಂದ-ಅಣ್ಣಿಗೇರಿಗಳ ಸೀಮೆಯಲ್ಲಿ ಶಲವಡಿಯಂಥ ಎರೆನೆಲದ ಊರಲ್ಲಿ ಕಣವೆಂದರೆ ತೆನೆಯನ್ನು ಒಕ್ಕುವ ಸ್ಥಳ. ರಾಶಿಯೆಂದರೆ ಒಕ್ಕಿ ತೂರಿ ಗುಡ್ಡೆ ಹಾಕಿದ ಕಾಳು. ಈಗ ಯಂತ್ರಗಳು ಬಂದು ಹಂತಿ ಹೂಡುವದು ಅಪರೂಪವಾಗಿದ್ದರೂ ಮಾತುಗಳು ಉಳಿದಿವೆ. ವಿಜ್ಞಾನದ ಕನ್ನಡದಲ್ಲಿಯೂ ಇವೇ ಎರಡು ಶಬ್ದಗಳಿವೆ. ಅಲ್ಲಿ ಕಣವೆಂದರೆ ದ್ರವ್ಯದ ಅತಿಸೂಕ್ಷ್ಮವಾದ ತುಣುಕು. ರಾಶಿಯೆಂದರೆ ವಸ್ತುವೊಂದರಲ್ಲಿರುವ ದ್ರವ್ಯದ ಪ್ರಮಾಣ. ಒಂದು ಕಾಳಿನ ವಿಷಯವಾಗಿ ಹೇಳಿದ ಮಾತು ರಾಶಿಗೆ ಸಲ್ಲುವದಿಲ್ಲ, ರಾಶಿಯ ವಿಷಯವಾಗಿ ಹೇಳಿದ ಮಾತು ಕಾಳಿಗೆ ಸಲ್ಲುವದಿಲ್ಲ ಎಂಬದನ್ನು ಒಕ್ಕಲಿಗನು ಬಲ್ಲನು. ಕ್ಲೋರಿನ್ನಿನ ರಹಸ್ಯವೂ ಇಷ್ಟೇ. ೧೭ ಎಂಬದು ಒಂದೊಂದು ಕಾಳಿಗೂ ಸಲ್ಲುವ ಅಂಕಿ, ೩೫.೪೫ ಎಂಬದು ರಾಶಿಗೆ ಮಾತ್ರ ಸಲ್ಲುವ ಅಂಕಿ. ಇದನ್ನು ಸ್ವಲ್ಪ ವಿಸ್ತಾರವಾಗಿ ನೋಡೋಣ.

ಪರಮಾಣುವಿನ ಒಳಮನೆ

ಪ್ರತಿಯೊಂದು ಪರಮಾಣುವಿನ ನಡುವೆ ಅತಿ ಸಣ್ಣದೂ ಅತಿ ಭಾರವಾದದ್ದೂ ಆದ ಬೀಜಕೇಂದ್ರವಿರುತ್ತದೆ. ಅದರಲ್ಲಿ ಎರಡು ಬಗೆಯ ಕಣಗಳಿರುತ್ತವೆ: ಧನವಿದ್ಯುತ್ತುಳ್ಳ ಪ್ರೋಟಾನು, ವಿದ್ಯುತ್ತಿಲ್ಲದ ನ್ಯೂಟ್ರಾನು. ಇವೆರಡರ ತೂಕವು ಹೆಚ್ಚು ಕಡಿಮೆ ಸಮವಾಗಿದೆ. ಬೀಜಕೇಂದ್ರದ ಹೊರಗೆ ಇಲೆಕ್ಟ್ರಾನುಗಳು ಇರುತ್ತವೆ. ಅವು ಎಷ್ಟು ಹಗುರವೆಂದರೆ ಸುಮಾರು ೧,೮೩೬ ಇಲೆಕ್ಟ್ರಾನುಗಳು ಕೂಡಿದರೆ ಒಂದು ಪ್ರೋಟಾನಿನ ತೂಕಕ್ಕೆ ಸಮವಾದಾವು. ಆದಕಾರಣ ತೂಕದ ಮಾತಿನಲ್ಲಿ ಅವುಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ನಡೆಯುತ್ತದೆ.

ಇವುಗಳಲ್ಲಿ ಧಾತುವಿನ ಕುಲವನ್ನು ನಿರ್ಣಯಿಸುವದು ಪ್ರೋಟಾನುಗಳ ಸಂಖ್ಯೆಯೊಂದೇ. ಹದಿನೇಳು ಪ್ರೋಟಾನುಗಳಿದ್ದರೆ ಅದು ಕ್ಲೋರಿನ್ನು. ಹದಿನೆಂಟಾದರೆ ಅದು ಕ್ಲೋರಿನ್ನಲ್ಲ, ಆರ್ಗಾನ್ ಎಂಬ ಬೇರೊಂದು ಧಾತು. ಈ ಸಂಖ್ಯೆಗೆ ಪರಮಾಣು ಸಂಖ್ಯೆಯೆಂದು ಹೆಸರು. ಪ್ರೋಟಾನುಗಳನ್ನೂ ನ್ಯೂಟ್ರಾನುಗಳನ್ನೂ ಕೂಡಿಸಿ ಎಣಿಸಿದರೆ ಬರುವದು ರಾಶಿಸಂಖ್ಯೆ. ಇಲ್ಲಿ ಎಣಿಸಿದರೆ ಎಂಬ ಮಾತನ್ನು ವಾಚಕರು ಗಮನದಲ್ಲಿಡಬೇಕು. ರಾಶಿಸಂಖ್ಯೆಯು ತೂಗಿದ್ದಲ್ಲ, ಎಣಿಸಿದ್ದು. ಎಣಿಕೆಯಾದುದರಿಂದ ಅದು ಯಾವಾಗಲೂ ಪೂರ್ಣಾಂಕವಾಗಿಯೇ ಇರಬೇಕು. ಮನೆಯಲ್ಲಿ ಎಷ್ಟು ಜನರಿದ್ದಾರೆಂದು ಕೇಳಿದವರಿಗೆ ಐದೂವರೆ ಎಂದು ಯಾರೂ ಹೇಳುವದಿಲ್ಲವಷ್ಟೆ.

ಒಂದೇ ಮನೆಯಲ್ಲಿ ಇಬ್ಬರು

ಹಾಗಾದರೆ ೩೫.೪೫ ಎಲ್ಲಿಂದ ಬಂತು? ೧೮೧೫ರಲ್ಲಿ ವಿಲ್ಯಮ್ ಪ್ರೌಟ್ ಎಂಬ ಇಂಗ್ಲಿಷ ವೈದ್ಯನು ಒಂದು ಸುಂದರವಾದ ಊಹೆಯನ್ನು ಮುಂದಿಟ್ಟನು. ಎಲ್ಲಕ್ಕೂ ಹಗುರವಾದ ಜಲಜನಕದ ತೂಕವನ್ನು ಒಂದು ಎಂದು ಹಿಡಿದರೆ ಉಳಿದ ಧಾತುಗಳ ತೂಕಗಳೆಲ್ಲ ಪೂರ್ಣಾಂಕಗಳೇ ಆಗುತ್ತವೆ ಎಂದು ಅವನ ಅಭಿಪ್ರಾಯ. ಇಂಗಾಲವು ೧೨, ಸಾರಜನಕವು ೧೪, ಆಮ್ಲಜನಕವು ೧೬. ಇವು ಅವನ ಮಾತಿಗೆ ಸರಿಯಾಗಿ ಒಪ್ಪಿದವು. ಕ್ಲೋರಿನ್ನು ಮಾತ್ರ ಒಪ್ಪಲಿಲ್ಲ. ಎಷ್ಟು ಶುದ್ಧ ಮಾಡಿ ತೂಗಿದರೂ ಮೂವತ್ತೈದೂವರೆಯ ಹತ್ತಿರವೇ ಅದು ನಿಲ್ಲುತ್ತಿತ್ತು. ಸ್ವೀಡನ್ನಿನ ಬರ್ಜೀಲಿಯಸನೂ ಬೆಲ್ಜಿಯಮ್ಮಿನ ಸ್ಟಾಸನೂ ಅತ್ಯಂತ ಸೂಕ್ಷ್ಮವಾದ ತಕ್ಕಡಿಗಳಿಂದ ತೂಗಿ, ಪ್ರೌಟನ ಊಹೆಯು ಸಲ್ಲದೆಂದು ತೀರ್ಪು ಹೇಳಿದರು. ಅವರ ತೂಕದಲ್ಲಿ ತಪ್ಪಿರಲಿಲ್ಲ. ಒಂದು ಧಾತುವಿನ ಪರಮಾಣುಗಳೆಲ್ಲ ಒಂದೇ ತೂಕದವೆಂದು ಎಲ್ಲರೂ ಗಟ್ಟಿಯಾಗಿ ನಂಬಿದ್ದರಲ್ಲ, ಆ ನಂಬಿಗೆಯಲ್ಲಿ ತಪ್ಪಿತ್ತು.

೧೯೧೩ರಲ್ಲಿ ಗ್ಲಾಸ್ಗೋದಲ್ಲಿದ್ದ ಫ್ರೆಡರಿಕ್ ಸಾಡಿಯು ವಿಕಿರಣಶೀಲ ಧಾತುಗಳನ್ನು ಪರೀಕ್ಷಿಸುವಾಗ, ತೂಕದಲ್ಲಿ ಬೇರೆಯಾಗಿದ್ದರೂ ರಾಸಾಯನಿಕ ನಡತೆಯಲ್ಲಿ ಎಳ್ಳಷ್ಟೂ ಭೇದವಿಲ್ಲದ ಪರಮಾಣುಗಳಿರುವವೆಂದು ಸಾರಿದನು. ಕೋಷ್ಟಕದಲ್ಲಿ ಇವಕ್ಕೆಲ್ಲ ಒಂದೇ ಮನೆಯನ್ನು ಕೊಡಬೇಕಾಗುತ್ತದೆ. ಮಾರ್ಗರೆಟ್ ಟಾಡ್ ಎಂಬ ವೈದ್ಯೆಯು ಸೂಚಿಸಿದಂತೆ, ಸಮವಾದ ಸ್ಥಾನವುಳ್ಳದ್ದು ಎಂಬರ್ಥದ ಗ್ರೀಕ ಶಬ್ದಗಳಿಂದ ಅವನು ಇವುಗಳಿಗೆ ಐಸೊಟೋಪ್ ಎಂದು ಹೆಸರಿಟ್ಟನು. ನಮ್ಮ ಕನ್ನಡದ ಸಮಸ್ಥಾನಿ ಎಂಬ ಶಬ್ದವು ಇದೇ ಅರ್ಥವನ್ನು ಹೊತ್ತಿದೆ. ಅದೇ ಕಾಲಕ್ಕೆ ಕೇಂಬ್ರಿಜ್ಜಿನಲ್ಲಿ ಜೆ. ಜೆ. ಥಾಮ್ಸನ್ನನು ನಿಯಾನ್ ಎಂಬ ವಾಯುವಿನಲ್ಲಿ ೨೦ರ ಪರಮಾಣುಗಳ ಸಂಗಡ ೨೨ರ ಪರಮಾಣುಗಳಿರುವ ಸುಳಿವನ್ನು ಕಂಡನು. ೧೯೧೯ರಲ್ಲಿ ಅವನ ಸಹಾಯಕನಾಗಿದ್ದ ಫ್ರಾನ್ಸಿಸ್ ಆಸ್ಟನ್ನನು ಪರಮಾಣುಗಳನ್ನು ತೂಕದ ಮೇರೆಗೆ ಬೇರ್ಪಡಿಸುವ ಒಂದು ಉಪಕರಣವನ್ನು ರಚಿಸಿದನು.

ಆ ಉಪಕರಣದ ಮರ್ಮವು ಕಣದಲ್ಲಿ ಕಾಳು ತೂರುವದನ್ನು ಕಂಡವರಿಗೆ ಸುಲಭವಾಗಿ ತಿಳಿದೀತು. ಗಾಳಿಗೆ ಮೊರವೆತ್ತಿ ಸುರಿದಾಗ ಗಟ್ಟಿಕಾಳು ಕಾಲಬುಡದಲ್ಲಿಯೇ ಬೀಳುತ್ತದೆ. ಜೊಳ್ಳು ಸ್ವಲ್ಪ ದೂರಕ್ಕೆ, ಹೊಟ್ಟು ಇನ್ನೂ ದೂರಕ್ಕೆ ಹಾರುತ್ತದೆ. ಆಸ್ಟನ್ನನು ಪರಮಾಣುಗಳಿಗೆ ವಿದ್ಯುತ್ತನ್ನು ಕೊಟ್ಟು, ಅವುಗಳನ್ನು ವೇಗವಾಗಿ ಓಡಿಸಿ, ವಿದ್ಯುತ್ತಿನ ಹಾಗೂ ಅಯಸ್ಕಾಂತದ ಸೆಳೆತಕ್ಕೆ ಒಡ್ಡಿದನು. ಹಗುರವಾದವು ಹೆಚ್ಚು ಬಾಗಿದವು, ಭಾರವಾದವು ಕಡಿಮೆ ಬಾಗಿದವು. ಬೇರೆ ಬೇರೆ ಕಡೆಗೆ ಹೋಗಿ ಛಾಯಾಚಿತ್ರದ ಫಲಕದ ಮೇಲೆ ಗುರುತು ಮೂಡಿಸಿದವು. ಕ್ಲೋರಿನ್ನನ್ನು ಹೀಗೆ ತೂರಿದಾಗ ೩೫ರಲ್ಲಿ ಒಂದು ಗುರುತು, ೩೭ರಲ್ಲಿ ಇನ್ನೊಂದು ಗುರುತು ಕಂಡವು. ಮೂವತ್ತೈದೂವರೆಯ ಸ್ಥಳದಲ್ಲಿ ಏನೂ ಇರಲಿಲ್ಲ! ನೂರು ವರ್ಷ ತೂಗಿದ ತೂಕದ ಪರಮಾಣುವೊಂದೂ ಲೋಕದಲ್ಲಿ ಇರಲೇ ಇಲ್ಲ. ಸಾಡಿಗೆ ೧೯೨೧ರ, ಆಸ್ಟನ್ನನಿಗೆ ೧೯೨೨ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕಗಳು ದೊರೆತವು. ೧೯೩೨ರಲ್ಲಿ ಜೇಮ್ಸ್ ಚಾಡ್ವಿಕ್ಕನು ನ್ಯೂಟ್ರಾನನ್ನು ಕಂಡುಹಿಡಿದ ಮೇಲೆ ಭೇದದ ಕಾರಣವೂ ತಿಳಿಯಿತು. ಎರಡು ಬಗೆಯ ಕ್ಲೋರಿನ್ನಿನಲ್ಲಿಯೂ ಪ್ರೋಟಾನುಗಳು ಹದಿನೇಳೇ. ಒಂದರಲ್ಲಿ ನ್ಯೂಟ್ರಾನುಗಳು ೧೮, ಇನ್ನೊಂದರಲ್ಲಿ ೨೦.

ಕಣದ ಮೇಲಿನ ಲೆಕ್ಕ

ಈಗ ಹುಡುಗನ ಲೆಕ್ಕಕ್ಕೆ ಮರಳೋಣ. ಶಲವಡಿಯ ಒಂದು ಕಣದಲ್ಲಿ ನೂರು ಚೀಲ ಜೋಳವಿದೆಯೆನ್ನೋಣ. ಅವುಗಳಲ್ಲಿ ೭೬ ಚೀಲಗಳು ತಲಾ ೩೫ ಕಿಲೋ ತೂಕದವು, ೨೪ ಚೀಲಗಳು ತಲಾ ೩೭ ಕಿಲೋ ತೂಕದವು. ಸರಾಸರಿಗೆ ಒಂದು ಚೀಲದ ತೂಕವೆಷ್ಟು? ೩೫ನ್ನೂ ೩೭ನ್ನೂ ಕೂಡಿಸಿ ಎರಡರಿಂದ ಭಾಗಿಸಿ ೩೬ ಎಂದು ಹೇಳುವವನನ್ನು ಅಡತಿಯ ಗುಮಾಸ್ತನು ನಕ್ಕು ಕಳಿಸಿಯಾನು. ಯಾಕಂದರೆ ಎರಡೂ ಬಗೆಯ ಚೀಲಗಳು ಸಮಸಂಖ್ಯೆಯಲ್ಲಿಲ್ಲ. ೭೬ನ್ನು ೩೫ರಿಂದ ಗುಣಿಸಿದರೆ ೨,೬೬೦, ೨೪ನ್ನು ೩೭ರಿಂದ ಗುಣಿಸಿದರೆ ೮೮೮, ಕೂಡಿಸಿದರೆ ೩,೫೪೮. ನೂರರಿಂದ ಭಾಗಿಸಿದರೆ ೩೫.೪೮. ಕಣದಲ್ಲಿ ಒಂದು ಚೀಲವೂ ೩೫.೪೮ ಕಿಲೋ ಇಲ್ಲ. ಆದರೂ ಅಂಕಿಯು ಸುಳ್ಳಲ್ಲ. ನೂರು ಚೀಲದ ಗಾಡಿಯನ್ನು ತೂಗುವವನಿಗೆ ಅದೇ ನಿಜವಾದ ಅಂಕಿ.

ಕ್ಲೋರಿನ್ನಿನ ಪ್ರಮಾಣವೂ ಹೀಗೆಯೇ ಇದೆ: ನೂರಕ್ಕೆ ೭೫.೭೬ರಷ್ಟು ೩೫ರವು, ೨೪.೨೪ರಷ್ಟು ೩೭ರವು. ಸ್ಥೂಲವಾಗಿ ಹೇಳುವದಾದರೆ ಮೂರಕ್ಕೆ ಒಂದು. ನಾವು ಪರಮಾಣುಗಳನ್ನು ಬಿಡಿಬಿಡಿಯಾಗಿ ಎಂದೂ ತೂಗುವದಿಲ್ಲ. ಒಂದು ತೊಲೆ ಉಪ್ಪನ್ನು ತೆಗೆದುಕೊಂಡರೆ ಅದರಲ್ಲಿ ಕ್ಲೋರಿನ್ನಿನ ಪರಮಾಣುಗಳು ಸುಮಾರು ಹನ್ನೆರಡರ ಮುಂದೆ ಇಪ್ಪತ್ತೆರಡು ಸೊನ್ನೆಗಳನ್ನು ಬರೆದಷ್ಟಿರುತ್ತವೆ. ಇಂಥ ಮಹಾರಾಶಿಯಲ್ಲಿ ಸರಾಸರಿಯು ಕದಲದೆ ನಿಲ್ಲುತ್ತದೆ. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಆಗರದ ಉಪ್ಪನ್ನು ತಂದು ತೂಗಿದರೂ ಗುಜರಾಥದ ಉಪ್ಪನ್ನು ತಂದು ತೂಗಿದರೂ ಕ್ಲೋರಿನ್ನಿನ ಅಂಕಿಯು ೩೫.೪೫ ಎಂದೇ ಬರುವದು. ಸಮುದ್ರವು ಯುಗಯುಗಗಳಿಂದ ತನ್ನ ರಾಶಿಯನ್ನು ಕಲಿಸಿ ಸಮಮಾಡಿದೆ.

ಜಾಣರಾದ ವಾಚಕರು ಇಲ್ಲಿ ಒಂದು ಸಂದೇಹವನ್ನು ಎತ್ತಬಹುದು: ಲೆಕ್ಕದಲ್ಲಿ ೩೫.೪೮ ಬಂತು, ಕೋಷ್ಟಕದಲ್ಲಿ ೩೫.೪೫ ಇದೆ, ಉಳಿದ ಚೂರು ಎಲ್ಲಿ ಹೋಯಿತು? ಇದಕ್ಕೆ ಉತ್ತರವು ರಾಶಿಸಂಖ್ಯೆಯು ಎಣಿಕೆಯೆಂಬ ಮೊದಲಿನ ಮಾತಿನಲ್ಲಿಯೇ ಇದೆ. ಎಣಿಕೆ ೩೫ ಆದರೂ ತೂಗಿದಾಗ ಆ ಪರಮಾಣು ೩೪.೯೬೯ ಮಾತ್ರ, ೩೭ರದು ೩೬.೯೬೬ ಮಾತ್ರ. ತೂಕದ ಅಳತೆಗೋಲಾಗಿ ೧೯೬೧ರಿಂದ ಇಂಗಾಲ-೧೨ ಎಂಬ ಸಮಸ್ಥಾನಿಯನ್ನು ಸರಿಯಾಗಿ ೧೨ ಎಂದು ಹಿಡಿಯುತ್ತಾರೆ. ಕ್ಲೋರಿನ್ನಿನ ಬೀಜಕೇಂದ್ರದಲ್ಲಿ ಕಣಗಳು ಇಂಗಾಲದಲ್ಲಿಗಿಂತ ಬಿಗಿಯಾಗಿ ಕಟ್ಟಿಕೊಂಡಿರುತ್ತವೆ. ಕಣಗಳು ಹೀಗೆ ಕಟ್ಟಿಕೊಳ್ಳುವಾಗ ತಮ್ಮ ತೂಕದ ಒಂದು ಸಣ್ಣ ಅಂಶವನ್ನು ಶಕ್ತಿಯ ರೂಪದಲ್ಲಿ ಬಿಟ್ಟುಕೊಡುತ್ತವೆ. ಆ ನಿಜವಾದ ತೂಕಗಳನ್ನಿಟ್ಟು ಲೆಕ್ಕ ಮಾಡಿದರೆ ೩೫.೪೫ ಸರಿಯಾಗಿ ಬರುತ್ತದೆ.

ಬೆಳ್ಳಿ ಬಂಗಾರಗಳ ಉದಾಹರಣೆ

ಕೋಷ್ಟಕದ ಅಂಕಿಯನ್ನು ಸಮೀಪದ ಪೂರ್ಣಾಂಕಕ್ಕೆ ತಿದ್ದಿದರೆ ರಾಶಿಸಂಖ್ಯೆ ಸಿಕ್ಕುತ್ತದೆಂದು ಕೆಲವರು ಮಕ್ಕಳಿಗೆ ಹೇಳಿಕೊಡುವದುಂಟು. ಕೆಲವು ಧಾತುಗಳಲ್ಲಿ ಇದು ನಡೆಯುತ್ತದೆ, ಎಲ್ಲದರಲ್ಲಿ ನಡೆಯುವದಿಲ್ಲ. ಇದನ್ನು ಅಕ್ಕಸಾಲಿಗನ ಅಂಗಡಿಯಲ್ಲಿಯೇ ಪರೀಕ್ಷಿಸಬಹುದು.

ಬಂಗಾರದ ಪರಮಾಣುಗಳು ನಿಸರ್ಗದಲ್ಲಿ ಒಂದೇ ಬಗೆಯವು. ಅದರಲ್ಲಿ ೭೯ ಪ್ರೋಟಾನುಗಳು, ೧೧೮ ನ್ಯೂಟ್ರಾನುಗಳು, ರಾಶಿಸಂಖ್ಯೆ ೧೯೭. ಕೋಷ್ಟಕದಲ್ಲಿಯ ಅಂಕಿಯು ೧೯೬.೯೭. ತಿದ್ದಿದರೆ ೧೯೭ ಬರುತ್ತದೆ, ಮಾತು ಸರಿಯಾಯಿತು. ಇನ್ನು ಬೆಳ್ಳಿಯನ್ನು ತೆಗೆದುಕೊಳ್ಳಿರಿ. ಕೋಷ್ಟಕದ ಅಂಕಿಯು ೧೦೭.೮೭. ತಿದ್ದಿದರೆ ೧೦೮. ಆದರೆ ನಿಸರ್ಗದ ಬೆಳ್ಳಿಯಲ್ಲಿ ೧೦೮ರ ಪರಮಾಣು ಇಲ್ಲ! ಅಲ್ಲಿರುವವು ೧೦೭ರವು ನೂರಕ್ಕೆ ಸುಮಾರು ೫೨, ೧೦೯ರವು ಸುಮಾರು ೪೮. ಎರಡೂ ಹೆಚ್ಚು ಕಡಿಮೆ ಸಮಪಾಲಿನಲ್ಲಿರುವದರಿಂದ ಸರಾಸರಿಯು ನಡುವೆ ಬಂದು ಕುಳಿತಿದೆ, ಅಷ್ಟೇ. ೧೦೮ರ ಬೆಳ್ಳಿಯನ್ನು ವಿಜ್ಞಾನಿಗಳು ಕೃತಕವಾಗಿ ಮಾಡಬಲ್ಲರು. ಆದರೆ ಅದು ಕೆಲವೇ ನಿಮಿಷಗಳಲ್ಲಿ ಕ್ಷಯಿಸಿ ಬೇರೆ ಧಾತುವಾಗುತ್ತದೆ. ಮನೆಯಲ್ಲಿರುವ ಬೆಳ್ಳಿಯ ಲೋಟದಲ್ಲಿ ಆ ಸರಾಸರಿಯ ಪರಮಾಣು ಹುಡುಕಿದರೂ ದೊರೆಯದು.

ರಾಶಿ ಯಾವ ಹೊಲದ್ದು?

ಇಲ್ಲಿಯ ವರೆಗೆ ಹೇಳಿದ್ದರಿಂದ ಇನ್ನೊಂದು ಮಾತು ತಾನಾಗಿಯೇ ಹೊರಡುತ್ತದೆ. ಸರಾಸರಿಯು ರಾಶಿಯ ಗುಣವಾದರೆ ರಾಶಿ ಬದಲಾದಂತೆ ಸರಾಸರಿಯೂ ಬದಲಾಗಬೇಡವೆ? ಬದಲಾಗುತ್ತದೆ. ೧೯೧೪ರಲ್ಲಿ ಅಮೇರಿಕೆಯ ಥಿಯೋಡೋರ್ ರಿಚರ್ಡ್ಸನು ಯುರೇನಿಯಂ ಇರುವ ಖನಿಜಗಳಿಂದ ತೆಗೆದ ಸೀಸವನ್ನು ತೂಗಿ, ಅದರ ಪರಮಾಣು ತೂಕವು ಸಾಮಾನ್ಯ ಸೀಸದ ೨೦೭.೨ಕ್ಕಿಂತ ಕಡಿಮೆಯಿದೆಯೆಂದು ತೋರಿಸಿದನು. ಯುರೇನಿಯಮ್ಮು ಬಹುಕಾಲ ಕ್ಷಯಿಸಿ ಕೊನೆಗೆ ಬಹುಮಟ್ಟಿಗೆ ೨೦೬ರ ಸೀಸವಾಗುವದೇ ಇದರ ಕಾರಣ. ಒಂದು ಸೀಸದ ತುಂಡು ತನ್ನ ಹುಟ್ಟಿನ ಕಥೆಯನ್ನು ತನ್ನ ಸರಾಸರಿಯಲ್ಲಿಯೇ ಬರೆದಿಟ್ಟುಕೊಂಡಿತ್ತು.

ಇಂಥ ಬರಹವು ಶಲವಡಿಯ ಊಟದ ತಾಟಿನಲ್ಲಿಯೂ ಇದೆ. ಇಂಗಾಲದಲ್ಲಿ ಸ್ಥಿರವಾದ ಸಮಸ್ಥಾನಿಗಳು ಎರಡು: ನೂರಕ್ಕೆ ಸುಮಾರು ೯೯ರಷ್ಟು ೧೨ರವು, ಉಳಿದ ಒಂದರಷ್ಟು ೧೩ರವು. ಗಿಡಗಳು ಗಾಳಿಯಿಂದ ಇಂಗಾಲವನ್ನು ಹೀರಿಕೊಳ್ಳುವಾಗ ಭಾರವಾದ ೧೩ನ್ನು ಸ್ವಲ್ಪ ಹಿಂದಕ್ಕೆ ಬಿಡುತ್ತವೆ. ಆದರೆ ಎಲ್ಲ ಗಿಡಗಳೂ ಒಂದೇ ರೀತಿಯಿಂದ ಬಿಡುವದಿಲ್ಲ. ಬತ್ತ, ಗೋದಿ, ಕಡಲೆ, ಹತ್ತಿ, ಮೆಣಸಿನಗಿಡ ಇವು ಒಂದು ಮಾರ್ಗವನ್ನು ಹಿಡಿದಿವೆ. ಜೋಳ, ಸಜ್ಜೆ, ಗೋವಿನಜೋಳ, ಕಬ್ಬು ಇವು ಬಿಸಿಲಿಗೂ ನೀರಿನ ಕೊರತೆಗೂ ಹೊಂದುವ ಇನ್ನೊಂದು ಮಾರ್ಗವನ್ನು ಹಿಡಿದಿವೆ. ಕಬ್ಬಿನಲ್ಲಿಯ ಈ ಎರಡನೆಯ ಮಾರ್ಗವನ್ನು ೧೯೬೬ರಲ್ಲಿ ಹ್ಯಾಚ್ ಮತ್ತು ಸ್ಲ್ಯಾಕ್ ಎಂಬ ವಿಜ್ಞಾನಿಗಳು ವಿವರಿಸಿದರು. ಈ ಎರಡನೆಯ ಗುಂಪಿನ ಬೆಳೆಗಳಲ್ಲಿ ಇಂಗಾಲ-೧೩ ಹೆಚ್ಚಾಗಿ ಉಳಿಯುತ್ತದೆ. ಅನ್ನದಲ್ಲಿ ಅಥವಾ ಗೋದಿಯಲ್ಲಿ ಒಂದು ಲಕ್ಷ ಇಂಗಾಲದ ಪರಮಾಣುಗಳಲ್ಲಿ ೧೩ರವು ಸುಮಾರು ೧,೦೭೬ ಇದ್ದರೆ, ಜೋಳದ ರೊಟ್ಟಿಯಲ್ಲಿ ಸುಮಾರು ೧,೦೯೨ ಇರುತ್ತವೆ. ಲಕ್ಷಕ್ಕೆ ಹದಿನಾರರ ಭೇದ! ನಾಲಿಗೆಗಾಗಲಿ ತಕ್ಕಡಿಗಾಗಲಿ ತಿಳಿಯದ ಈ ಭೇದವನ್ನು ಆಸ್ಟನ್ನನ ಉಪಕರಣದ ಸಂತತಿಯ ಯಂತ್ರಗಳು ನಿಸ್ಸಂಶಯವಾಗಿ ತೋರಿಸುತ್ತವೆ.

ಉಂಡ ಅನ್ನವೇ ಮೈಯಾಗುವದರಿಂದ ರೊಟ್ಟಿಯ ಮೇಲೆ ಬೆಳೆದವರ ಕೂದಲು ಎಲುಬುಗಳಲ್ಲಿ ಇಂಗಾಲ-೧೩ರ ಪಾಲು ಅನ್ನದ ಮೇಲೆ ಬೆಳೆದವರದಕ್ಕಿಂತ ಒಂದಿಷ್ಟು ಹೆಚ್ಚಿರುತ್ತದೆ. ಪ್ರಾಚೀನರ ಎಲುಬುಗಳನ್ನು ಪರೀಕ್ಷಿಸಿ ಅವರು ಯಾವ ಧಾನ್ಯವನ್ನು ಉಣ್ಣುತ್ತಿದ್ದರೆಂಬದನ್ನು ಪುರಾತತ್ತ್ವಜ್ಞರು ಇದರಿಂದಲೇ ಊಹಿಸುತ್ತಾರೆ. ಜೇನುತುಪ್ಪದಲ್ಲಿ ಕಬ್ಬಿನ ಸಕ್ಕರೆಯ ಪಾಕವನ್ನು ಬೆರೆಸಿದ್ದರೆ ಅದೂ ಇದರಿಂದ ಬಯಲಾಗುತ್ತದೆ. ಜೇನುನೊಣಗಳು ಮಕರಂದ ತರುವ ಹೂಗಿಡಗಳು ಬಹುತರವಾಗಿ ಮೊದಲನೆಯ ಗುಂಪಿನವು, ಕಬ್ಬು ಎರಡನೆಯ ಗುಂಪಿನದು.

ನೀರಿನ ಮಾತೂ ಹೀಗೆಯೇ ಇದೆ. ಜಲಜನಕದ ಸುಮಾರು ೬,೪೦೦ ಪರಮಾಣುಗಳಿಗೆ ಒಂದರಂತೆ ರಾಶಿಸಂಖ್ಯೆ ೨ ಇರುವ ಭಾರಜಲಜನಕವು ಸಮುದ್ರದ ನೀರಿನಲ್ಲಿದೆ. ಅಮೇರಿಕೆಯ ಹೆರಾಲ್ಡ್ ಯುರೇಯು ಈ ಸಮಸ್ಥಾನಿಯನ್ನು ೧೯೩೧ರಲ್ಲಿ ಕಂಡುಹಿಡಿದನು. ಭಾರವಾದ ನೀರಿನ ಅಣುಗಳು ಹಗುರವಾದವುಗಳಷ್ಟು ಸುಲಭವಾಗಿ ಆವಿಯಾಗುವದಿಲ್ಲ. ಆದಕಾರಣ ಬೇಸಿಗೆಯಲ್ಲಿ ಬತ್ತುತ್ತ ಬಂದ ಕೆರೆಯಲ್ಲಿ ಉಳಿದ ನೀರು, ಆ ಕೆರೆಗೆ ಬಿದ್ದ ಮಳೆಯ ನೀರಿಗಿಂತ ಭಾರವಾದ ಸಮಸ್ಥಾನಿಗಳಲ್ಲಿ ತುಸು ಸಮೃದ್ಧವಾಗಿರುತ್ತದೆ. ಬಾವಿಗೆ ಬರುವ ಸೆಲೆಯು ಕೆರೆಯದೋ ನೇರವಾಗಿ ಇಂಗಿದ ಮಳೆಯದೋ ಎಂಬದನ್ನು ಜಲಶೋಧಕರು ಈ ಗುರುತಿನಿಂದ ಅರಿಯುತ್ತಾರೆ.

ಇಂಥ ಭೇದಗಳನ್ನು ಲಕ್ಷಿಸಿಯೇ ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟವು ೨೦೦೯ರ ತನ್ನ ಪಟ್ಟಿಯಲ್ಲಿ ಹತ್ತು ಧಾತುಗಳಿಗೆ ಒಂದೇ ಅಂಕಿಯನ್ನು ಕೊಡುವದನ್ನು ಬಿಟ್ಟು, ಇಂತಿಷ್ಟರಿಂದ ಇಂತಿಷ್ಟರ ವರೆಗೆ ಎಂದು ಮೇರೆಗಳನ್ನು ಕೊಟ್ಟಿತು. ಇಂಗಾಲಕ್ಕೆ ೧೨.೦೦೯೬ರಿಂದ ೧೨.೦೧೧೬ರ ವರೆಗೆ, ಕ್ಲೋರಿನ್ನಿಗೆ ೩೫.೪೪೬ರಿಂದ ೩೫.೪೫೭ರ ವರೆಗೆ. ನಿತ್ಯದ ಲೆಕ್ಕಕ್ಕೆ ೧೨.೦೧೧ ಮತ್ತು ೩೫.೪೫ ಸಾಕು. ಆದರೂ ಕೋಷ್ಟಕದ ಅಂಕಿಯು ಕಲ್ಲಿನಲ್ಲಿ ಕೊರೆದ ಶಾಸನವಲ್ಲ, ಭೂಮಿಯ ಮೇಲಿನ ರಾಶಿಗಳನ್ನು ನೋಡಿ ಬರೆದ ಲೆಕ್ಕವೆಂಬದನ್ನು ಮಕ್ಕಳಿಗೆ ಹೇಳುವದು ಒಳಿತು.

ಸರಾಸರಿಯೊಳಗೆ ಅಡಗಿದ ಶಕ್ತಿ

ಇಷ್ಟು ಸೂಕ್ಷ್ಮವಾದ ಭೇದದಿಂದ ಸಂಸಾರಿಗರಿಗೆ ಆಗಬೇಕಾದ್ದೇನು ಎಂದು ಕೇಳುವವರಿಗೆ ಮೂರು ಉತ್ತರಗಳನ್ನು ಕೊಡಬಹುದು.

ಮೊದಲನೆಯದು ಕೈಗಾದ ಉತ್ತರ. ಕಾರವಾರದ ಹತ್ತಿರ ಕಾಳೀನದಿಯ ದಂಡೆಯ ಮೇಲಿರುವ ಕೈಗಾ ಅಣುವಿದ್ಯುತ್ ಕೇಂದ್ರದಲ್ಲಿ ತಲಾ ೨೨೦ ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ. ಮೊದಲಿನ ಎರಡು ೨೦೦೦ದಲ್ಲಿ, ಮೂರನೆಯದು ೨೦೦೭ರಲ್ಲಿ, ನಾಲ್ಕನೆಯದು ೨೦೧೧ರಲ್ಲಿ ಉತ್ಪಾದನೆಯನ್ನು ಆರಂಭಿಸಿದವು. ಮೊದಲನೆಯ ಘಟಕವು ೨೦೧೮ರ ಡಿಸೆಂಬರ ೩೧ರ ವರೆಗೆ ೯೬೨ ದಿನ ಎಡೆಬಿಡದೆ ನಡೆದು ಜಗತ್ತಿನಲ್ಲಿ ಹೊಸ ದಾಖಲೆಯನ್ನು ನಿರ್ಮಿಸಿತು. ಅಲ್ಲಿ ಉರುವಲಾಗಿ ಬಳಸುವದು ನೈಸರ್ಗಿಕ ಯುರೇನಿಯಂ. ಅದರ ಸರಾಸರಿ ಪರಮಾಣು ರಾಶಿ ೨೩೮.೦೩, ಎಲ್ಲವೂ ೨೩೮ರವೇ ಎಂದು ಯಾರಿಗಾದರೂ ತೋರೀತು. ಆದರೆ ಸಾವಿರಕ್ಕೆ ಸುಮಾರು ಏಳು ಪರಮಾಣುಗಳು ೨೩೫ರವು. ನಿಧಾನವಾಗಿ ಚಲಿಸುವ ನ್ಯೂಟ್ರಾನು ತಾಗಿದಾಗ ಸುಲಭವಾಗಿ ಒಡೆದು ಶಕ್ತಿಯನ್ನು ಕೊಡುವವು ಈ ಏಳೇ. ನ್ಯೂಟ್ರಾನುಗಳನ್ನು ನುಂಗದೆ ನಿಧಾನಗೊಳಿಸುವದಕ್ಕೆ ಅಲ್ಲಿ ಸಾದಾ ನೀರನ್ನು ಬಳಸದೆ, ಭಾರಜಲಜನಕದಿಂದಾದ ಭಾರಜಲವನ್ನೇ ಬಳಸುತ್ತಾರೆ. ಉರುವಲಿನಲ್ಲಿ ಒಂದು ಸಮಸ್ಥಾನಿ, ನೀರಿನಲ್ಲಿ ಇನ್ನೊಂದು. ಇವೆರಡರ ಮೇಲೆ ಕೈಗಾ ನಿಂತಿದೆ. ಸರಾಸರಿಯನ್ನೇ ನೋಡಿ ಸುಮ್ಮನಾಗಿದ್ದರೆ ಆ ಏಳು ಪರಮಾಣುಗಳ ಸುದ್ದಿಯೇ ತಿಳಿಯುತ್ತಿರಲಿಲ್ಲ.

ಎರಡನೆಯದು ದವಾಖಾನೆಯ ಉತ್ತರ. ಉಪ್ಪಿನಲ್ಲಿ ಸೇರಿಸುವ ಅಯೊಡಿನ್ನಿನ ಪರಮಾಣುಗಳು ಒಂದೇ ಬಗೆಯವು: ೫೩ ಪ್ರೋಟಾನು, ೭೪ ನ್ಯೂಟ್ರಾನು, ರಾಶಿಸಂಖ್ಯೆ ೧೨೭. ಅಣುಸ್ಥಾವರಗಳಲ್ಲಿ ತಯಾರಿಸುವ ಅಯೊಡಿನ್-೧೩೧ರಲ್ಲಿ ನ್ಯೂಟ್ರಾನುಗಳು ೭೮. ಅದು ವಿಕಿರಣವನ್ನು ಸೂಸುತ್ತ ಎಂಟು ದಿನಕ್ಕೆ ಅರ್ಧ, ಹದಿನಾರು ದಿನಕ್ಕೆ ಕಾಲುಭಾಗವಾಗಿ ಕುಗ್ಗುತ್ತದೆ. ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿಯು ಅಯೊಡಿನ್ನನ್ನು ಹೀರಿಕೊಳ್ಳುವಾಗ ಇದು ೧೨೭ರದೋ ೧೩೧ರದೋ ಎಂದು ವಿಚಾರಿಸುವದಿಲ್ಲ. ಅದಕ್ಕೆ ಧಾತುವಿನ ಕುಲ ಮಾತ್ರ ಗೊತ್ತು, ತೂಕ ಗೊತ್ತಿಲ್ಲ. ವೈದ್ಯರು ಇದನ್ನೇ ಉಪಯೋಗಿಸಿಕೊಂಡು, ಗ್ರಂಥಿಯು ಮಿತಿಮೀರಿ ಕೆಲಸ ಮಾಡುವಾಗಲೂ ಅಲ್ಲಿಯ ಕೆಲವು ಬಗೆಯ ಅರ್ಬುದರೋಗದಲ್ಲಿಯೂ ಅಯೊಡಿನ್-೧೩೧ನ್ನು ಕುಡಿಸಿ ಚಿಕಿತ್ಸೆ ಮಾಡುತ್ತಾರೆ. ಗರ್ಭಿಣಿಯರಿಗೂ ಮೊಲೆಯೂಡಿಸುವ ತಾಯಂದಿರಿಗೂ ಅದನ್ನು ಕೊಡುವದಿಲ್ಲ. ತೆಗೆದುಕೊಂಡವರು ಕೆಲವು ದಿನ ಮಕ್ಕಳಿಂದ ದೂರವಿರಬೇಕೆಂದು ವೈದ್ಯರು ಹೇಳಿದರೆ ಅದು ಮೈಲಿಗೆಯ ಮಾತಲ್ಲ, ಆ ಎಂಟು ದಿನದ ಲೆಕ್ಕದ ಮಾತು. ಇಷ್ಟನ್ನು ಅರಿತ ಮನೆಯಲ್ಲಿ ಐಸೊಟೋಪ್ ಎಂಬ ಶಬ್ದ ಕಿವಿಗೆ ಬಿದ್ದೊಡನೆ ವೃಥಾ ಭೀತಿಯೂ ಹುಟ್ಟದು, ವೃಥಾ ಉದಾಸೀನವೂ ಹುಟ್ಟದು.

ಮೂರನೆಯದು ಇತಿಹಾಸದ ಉತ್ತರ. ಇಂಗಾಲಕ್ಕೆ ೧೪ರ ಒಂದು ಸಮಸ್ಥಾನಿಯೂ ಇದೆ. ಗಾಳಿಯಲ್ಲಿಯ ಸಾರಜನಕದ ರಾಶಿಸಂಖ್ಯೆಯೂ ಬಹುತೇಕ ೧೪. ಆದರೆ ಸಾರಜನಕದಲ್ಲಿ ಪ್ರೋಟಾನುಗಳು ಏಳು, ಇಂಗಾಲದಲ್ಲಿ
ಆರು. ರಾಶಿಸಂಖ್ಯೆಯು ಸಮನಾದ ಮಾತ್ರಕ್ಕೆ ಕುಲವು ಒಂದಾಗುವದಿಲ್ಲ ಎಂಬದಕ್ಕೆ ಇದು ನಿದರ್ಶನ. ಇಂಗಾಲ-೧೪ ಎಷ್ಟು ವಿರಳವೆಂದರೆ ಸರಾಸರಿಯಲ್ಲಿ ಅದರ ಪಾಲು ಕಾಣುವದೇ ಇಲ್ಲ. ಜೀವವಿರುವ ತನಕ ಗಿಡಮರಗಳೂ ಪ್ರಾಣಿಗಳೂ ಅದನ್ನು ಪಡೆಯುತ್ತಲೇ ಇರುತ್ತವೆ. ಸತ್ತ ಮೇಲೆ ಅದು ೫,೭೩೦ ವರ್ಷಗಳಿಗೆ ಅರ್ಧದಂತೆ ಕುಗ್ಗುತ್ತದೆ. ವಿಲ್ಲರ್ಡ್ ಲಿಬಿಯೂ ಅವನ ಸಂಗಡಿಗರೂ ೧೯೪೯ರಲ್ಲಿ ಇದನ್ನು ಕಾಲಗಣನೆಗೆ ಬಳಸಿ ತೋರಿಸಿದರು. ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ಎಂ. ಎಸ್. ನಾಗರಾಜರಾಯರು ೧೯೬೫ರಲ್ಲಿ ನಡೆಸಿದ ಉತ್ಖನನದಲ್ಲಿ ದೊರೆತ ಇದ್ದಲಿಯನ್ನು ಹೀಗೆ ಪರೀಕ್ಷಿಸಿದಾಗ, ಅಲ್ಲಿಯ ಜನರು ಕ್ರಿಸ್ತಪೂರ್ವ ೧೦೦೦ದ ಸುಮಾರಿಗೇ ಕಬ್ಬಿಣವನ್ನು ಬಳಸುತ್ತಿದ್ದರೆಂದು ಕಂಡುಬಂತು. ಹಳ್ಳೂರು ಆಗ ಧಾರವಾಡ ಜಿಲ್ಲೆಯಲ್ಲಿಯೇ ಇತ್ತು. ೧೯೯೭ರಿಂದ ಅದು ಹಾವೇರಿ ಜಿಲ್ಲೆಗೆ ಸೇರಿದೆ. ದಕ್ಷಿಣಕ್ಕೆ ಕಬ್ಬಿಣವು ಬಹಳ ತಡವಾಗಿ ಬಂತೆಂಬ ಅಂದಿನ ಎಣಿಕೆಯನ್ನು ಈ ಒಂದು ಚಿಟಿಕೆ ಇದ್ದಲಿಯು ಅಲುಗಾಡಿಸಿತು.

ಮನೆಯಲ್ಲಿ ಮಾಡತಕ್ಕ ಅಭ್ಯಾಸ

ಮಕ್ಕಳಿಗೆ ಈ ವಿಷಯವನ್ನು ಹೇಳಿಕೊಡುವ ಹಿರಿಯರು ಪ್ರತಿಯೊಂದು ಅಂಕಿಯ ಮುಂದೆ ಒಂದು ಪ್ರಶ್ನೆಯನ್ನು ಕೇಳಿಸಿದರೆ ಸಾಕು: ಇದು ಕಾಳಿನದೋ, ರಾಶಿಯದೋ? ಪರಮಾಣು ಸಂಖ್ಯೆಯು ಕಾಳಿನದು. ಕುಲದ ಕಾಳುಗಳಿಗೆಲ್ಲ ಒಂದೇ. ರಾಶಿಸಂಖ್ಯೆಯೂ, ಹೆಸರಿನಲ್ಲಿ ರಾಶಿಯೆಂದಿದ್ದರೂ, ಕಾಳಿನದೇ. ಅದು ಎಣಿಕೆ, ಒಂದೇ ಕುಲದಲ್ಲಿಯೂ ಕಾಳಿನಿಂದ ಕಾಳಿಗೆ ಬೇರೆಯಾಗಬಹುದು. ಸರಾಸರಿ ಪರಮಾಣು ರಾಶಿಯೊಂದೇ ನಿಜವಾಗಿ ರಾಶಿಯದು. ಅದು ತೂಕ, ಅದರಿಂದ ನ್ಯೂಟ್ರಾನುಗಳನ್ನು ಎಣಿಸಹೋಗಬಾರದು.

ಇದನ್ನು ಗಟ್ಟಿ ಮಾಡಿಕೊಳ್ಳಲು ಬಚ್ಚಲಮನೆಯ ತಾಮ್ರದ ಹಂಡೆಯನ್ನು ತೋರಿಸಿ ಒಂದು ಲೆಕ್ಕವನ್ನು ಹಾಕಿಸಬಹುದು. ತಾಮ್ರದಲ್ಲಿ ೬೩ರ ಪರಮಾಣುಗಳು ನೂರಕ್ಕೆ ೬೯.೧೫, ಒಂದೊಂದರ ತೂಕ ೬೨.೯೩, ೬೫ರ ಪರಮಾಣುಗಳು ನೂರಕ್ಕೆ ೩೦.೮೫, ಒಂದೊಂದರ ತೂಕ ೬೪.೯೩. ಗುಣಿಸುವ ಮೊದಲು ಹುಡುಗನನ್ನು ಕೇಳಿರಿ: ಸರಾಸರಿಯು ೬೪ಕ್ಕಿಂತ ಹೆಚ್ಚೋ ಕಡಿಮೆಯೋ? ಹಗುರವಾದ ಬಗೆಯೇ ಹೆಚ್ಚಿರುವದರಿಂದ ಕಡಿಮೆಯೇ ಆಗಬೇಕೆಂದು ಅವನು ಹೇಳಿದರೆ, ಲೆಕ್ಕಕ್ಕಿಂತ ಮೊದಲೇ ವಿಷಯವು ಅವನಿಗೆ ತಿಳಿದಂತಾಯಿತು. ಆಮೇಲೆ ಪಾಟಿಯ ಮೇಲೆ ಗುಣಿಸಿ ಕೂಡಿಸಲಿ, ಉತ್ತರವು ೬೩.೫೫ ಬರತಕ್ಕದ್ದು. ಆವರ್ತಕ ಕೋಷ್ಟಕದಲ್ಲಿ ತಾಮ್ರದ ಮನೆಯಾದ ಇಪ್ಪತ್ತೊಂಬತ್ತನೆಯದನ್ನು ತೆರೆದು ಅವನೇ ತಾಳೆ ನೋಡಿಕೊಳ್ಳಲಿ.